ದಕ್ಕೆಯಿಂದ ಶುರು ಮಾಡಿ: ಮಂಗಳೂರು, ಉಡುಪಿ ಸೇರಿ ಆರೋಗ್ಯ ಸರ್ವೇ ಮಾಡುವುದು ಹೇಗೆ

ಎರಡು ಊರಿನ ತಂಡಗಳು ಸೇರಿ ಅಧ್ಯಯನ ಮಾಡೋಣ ಅಂತ ಹೊರಟರೆ ಎಲ್ಲರೂ ಮೊದಲು ಮೀಟಿಂಗ್ ಕರೆಯುತ್ತಾರೆ. ನಾನು ಹನ್ನೆರಡು ವರ್ಷದಿಂದ ಫೀಲ್ಡ್ ಸೂಪರ್‌ವೈಸರ್. ನನ್ನನ್ನು ಕೇಳಿದರೆ, ಬೆಳಿಗ್ಗೆ ಐದಕ್ಕೆ ಇಡೀ ತಂಡ ಮಂಗಳೂರು ಬಂದರಿನ ದಕ್ಕೆಗೆ, ಅಂದರೆ ಬೋಟಿನಿಂದ ಮೀನು ಇಳಿಸುವ ಕಟ್ಟೆಗೆ, ಹೋಗಿ ಬನ್ನಿ. ಮರುವಾರ ಉಡುಪಿಯ ಮಲ್ಪೆ ಬಂದರಿಗೆ. ಮೀನು ಇಳಿಸುವವರು, ಐಸ್ ಹೊರುವವರು, ಬೋಟಿನ ಹುಡುಗರು ಜ್ವರ ಬಂದರೆ ಎಲ್ಲಿಗೆ ಹೋಗ್ತಾರೆ, ಆ ದಿನದ ಸಂಬಳ ಏನಾಗುತ್ತದೆ ಅಂತ ಸುಮ್ನೆ ಮಾತಾಡಿಸಿ. ಏನನ್ನು ಅಧ್ಯಯನ ಮಾಡಬೇಕು ಅನ್ನುವುದು ಆಮೇಲೆ ತೀರ್ಮಾನಿಸಿ.

ದಿನಾಂಕ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಹೊರರಾಜ್ಯದ ಹುಡುಗರು ಊರಿಗೆ ಹೋಗಿರ್ತಾರೆ. ಮಳೆಗಾಲದ ಜ್ವರ ಹಿಡಿಯಲು ಅಂತ ನೀವು ಜೂನ್‌ನಲ್ಲಿ ಫಾರ್ಮ್ ಹಿಡಿದು ದಕ್ಕೆಗೆ ಹೋದರೆ ಸಿಗುವುದು ಕಟ್ಟಿಹಾಕಿದ ಬೋಟು ಮತ್ತು ಕಾಗೆಗಳು ಮಾತ್ರ. ನಾನು ಒಮ್ಮೆ ಹೋಗಿದ್ದೇನೆ, ಕೊಡೆ ಹಿಡಿದುಕೊಂಡು.

ಇನ್ನು ಫಾರ್ಮ್. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಜಾಸ್ತಿಯಲ್ಲ. ನಮ್ಮ ಮೊದಲ ಜಂಟಿ ಸರ್ವೇಯಲ್ಲಿ ನಾವು 15ರಿಂದ 24 ವರ್ಷ ಅಂತ ಗುಂಪು ಮಾಡಿದ್ದೆವು, ಆಚೆಯವರು 18ರಿಂದ 25. ನಾವು ಕಳೆದ ಹದಿನೈದು ದಿನದ ಜ್ವರ ಕೇಳಿದರೆ ಅವರು ಒಂದು ತಿಂಗಳದ್ದು ಕೇಳಿದ್ದರು. ಎರಡನ್ನೂ ಸೇರಿಸಲು ಕೂತಾಗ ಗೊತ್ತಾಯಿತು. ಅರ್ಧಕ್ಕರ್ಧ ದಂಡ. ಈಗ ನಾವು ವಯಸ್ಸನ್ನು ಇಷ್ಟು ವರ್ಷ ಅಂತಲೇ ಬರೆಯುತ್ತೇವೆ, ಗುಂಪು ಆಮೇಲೆ ಕಂಪ್ಯೂಟರಿನಲ್ಲಿ ಮಾಡಿದರಾಯಿತು.

ಪ್ರಶ್ನೆಯ ಮಾತೂ ಮುಖ್ಯ. 'ಮಲೇರಿಯಾ ಬಂದಿತ್ತಾ?' ಅಂದರೆ 'ಇಲ್ಲ'. 'ಚಳಿ ಹಿಡಿದು ನಡುಗಿದ್ದು ಉಂಟಾ?' ಅಂದರೆ 'ಹೌದು ಮೇಡಂ, ಎರಡು ಸಲ'. ಇದೇ ಪ್ರಶ್ನೆ ತುಳು, ಬ್ಯಾರಿ, ಹಿಂದಿಯಲ್ಲಿ ಹೇಗೆ ಕೇಳಬೇಕು ಅಂತ ಆ ಭಾಷೆ ಮನೆಯಲ್ಲಿ ಮಾತಾಡುವವರಿಂದ ಬರೆಸಿ, ಹತ್ತು ಜನರ ಮೇಲೆ ಪರೀಕ್ಷಿಸಿ.

ಅನುಮತಿ ವಿಷಯ ಬೇಸರದ್ದು, ಬೇಗ ಮುಗಿಸುತ್ತೇನೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆ ಆಯಿತಲ್ಲ, ಹಾಗಾಗಿ ಇಬ್ಬರು ಜಿಲ್ಲಾ ಆರೋಗ್ಯಾಧಿಕಾರಿಗಳು, ಎರಡು ಪತ್ರ. ಅಧ್ಯಯನದಿಂದ ಜನರಿಗೆ ತೊಂದರೆ ಆಗದಂತೆ ನೋಡುವ ಎಥಿಕ್ಸ್ ಕಮಿಟಿಗೂ ಮೊದಲೇ ಅರ್ಜಿ ಹಾಕಿ. ಅಪಾಯ ಕಡಿಮೆ ಇರುವ, ಹಲವು ಸಂಸ್ಥೆಗಳ ಅಧ್ಯಯನವನ್ನು ಒಟ್ಟಿಗೆ ಪರಿಶೀಲಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಅವಕಾಶ ಇದೆ, ಕೇಳಿ ನೋಡಿ. ಪ್ರಬಂಧದಲ್ಲಿ ಯಾರ ಹೆಸರು ಮೊದಲು ಅನ್ನುವುದನ್ನೂ ಈಗಲೇ ಬರೆದಿಡಿ. ಗೆಳೆತನ ಉಳಿಯುತ್ತದೆ.

ಮನೆಗಳ ಪಟ್ಟಿ ಆಶಾ ಅಕ್ಕನವರ ಹತ್ತಿರ ಸಿಗುತ್ತದೆ. ಅದರಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಕೆಲಸಗಾರರ ಶೆಡ್ ಇರುವುದಿಲ್ಲ. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆ ಇಡುವುದು ಅಲ್ಲಿನಂಥ ನೀರಿನ ತೊಟ್ಟಿಯಲ್ಲೇ. ಮೇಸ್ತ್ರಿಗೆ ಫೋನ್ ಮಾಡಿ, ಸಂಜೆ ಏಳರ ನಂತರ ಅಥವಾ ಭಾನುವಾರ ಹೋಗಿ. ಹಗಲು ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಇರುವವರದ್ದೇ ಲೆಕ್ಕ ಸಿಗುತ್ತದೆ. ದುಡಿಯಲು ಹೋದವರು ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ವರದಿಯಲ್ಲಿ ಸಮಾನತೆ ಅಂತ ಬರೆದು ಏನು ಪ್ರಯೋಜನ, ಅಲ್ವಾ?

ಜ್ವರ ಇದ್ದವರು ಸಿಕ್ಕರೆ ಫಾರ್ಮ್ ಪಕ್ಕಕ್ಕಿಟ್ಟು ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ರಕ್ತ ಪರೀಕ್ಷೆಗೆ ಕಳಿಸಿ. ವೈವಾಕ್ಸ್ ಮಲೇರಿಯಾ ಆದರೆ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ಮೂರನೇ ದಿನಕ್ಕೆ ಜ್ವರ ಬಿಡುತ್ತದೆ, ಹುಡುಗ ಮಾತ್ರೆ ಅರ್ಧಕ್ಕೇ ಬಿಟ್ಟು, ಬೋಟು ಬದಲಿಸಿ ಮಲ್ಪೆಗೆ ಹೋಗಿಬಿಡುತ್ತಾನೆ. ಯಕೃತ್ತಿನಲ್ಲಿ (ಲಿವರ್) ಅಡಗಿದ ರೋಗಾಣು ಹಾಗೇ ಉಳಿಯುತ್ತದೆ, ತಿಂಗಳುಗಳ ಮೇಲೆ ಮತ್ತೆ ನಡುಕ. ಎರಡು ಊರು ಸೇರಿ ಕೆಲಸ ಮಾಡಿದ್ದಕ್ಕೆ ನಮಗೆ ಆದ ದೊಡ್ಡ ಲಾಭ ಇಲ್ಲೇ. ಅವನ ಒಪ್ಪಿಗೆ ಕೇಳಿ, ಆಚೆ ತಂಡದ ಒಬ್ಬರಿಗೆ ಮಾತ್ರ ಹೇಳುತ್ತೇವೆ: ಇಷ್ಟನೇ ದಿನದ ಮಾತ್ರೆ ಆಗಿದೆ, ಇಷ್ಟು ಬಾಕಿ. ಅವರು ಅಲ್ಲಿನ ಆರೋಗ್ಯ ಕಾರ್ಯಕರ್ತೆಗೆ ಮುಟ್ಟಿಸುತ್ತಾರೆ. ಆ ಒಬ್ಬರು ಯಾರು ಅಂತ ಸರ್ವೇ ಶುರುವಾಗುವ ಮೊದಲೇ ಗೊತ್ತು ಮಾಡಿ. ರಜೆ ಹಾಕಿದರೆ ಬದಲಿಗೆ ಯಾರು ಅಂತಲೂ.