ಹಳದಿ ಬೋರ್ಡ್ ಕಾರಿನ ಪಾಲಿಸಿಯನ್ನು ನಾನು ನೋಡುವ ಬಗೆ

ಟ್ಯಾಕ್ಸಿಯ ವಿಮೆ ನವೀಕರಿಸುವಾಗ ನಾನು ಮೊದಲು ನೋಡುವುದು ಪ್ರೀಮಿಯಂ ಅಲ್ಲ. ಆರ್‌ಸಿ, ಪರ್ಮಿಟ್, ಚಾಲಕನ ಡಿಎಲ್, ಹಳೇ ಪಾಲಿಸಿ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಸಾಲು ತಾಳೆ ನೋಡುತ್ತೇನೆ. ಕ್ಲೇಮು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಪಾಲಿಸಿಯ ಮೇಲೆ ‘ಪ್ಯಾಸೆಂಜರ್ ಕ್ಯಾರಿಯಿಂಗ್ ವೆಹಿಕಲ್’ (ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವ ವಾಹನ) ಎಂದೇ ಇರಬೇಕು. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಕಲಂ ಬಾಡಿಗೆ ಓಡಾಟವನ್ನು ಹೊರಗಿಡುತ್ತದೆ. ಬಿಳಿ ಬೋರ್ಡನ್ನು ಹಳದಿ ಮಾಡಿಸಿದ ಮೇಲೆ ಹಳೇ ಪಾಲಿಸಿಯಲ್ಲೇ ದಿನ ದೂಡಿದರೆ, ಕಾಗದ ಇದ್ದೂ ರಕ್ಷಣೆ ಇರುವುದಿಲ್ಲ.

ಮುಂದೆ ಸೀಟಿನ ಲೆಕ್ಕ. ಆರ್‌ಸಿಯಲ್ಲಿ 5 ಎಂದಿದ್ದರೆ ಚಾಲಕನನ್ನು ಬಿಟ್ಟು 4 ಪ್ರಯಾಣಿಕರು. 2022ರ ಜೂನ್ 1ರಿಂದ ಬಂದ ದರದಲ್ಲಿ 1000ರಿಂದ 1500 ಸಿಸಿ ಒಳಗಿನ ಟ್ಯಾಕ್ಸಿಗೆ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ) ಮೂಲ ಪ್ರೀಮಿಯಂ 7,940 ರೂ., ತಲಾ ಪ್ರಯಾಣಿಕರಿಗೆ 978 ರೂ. ನಾಲ್ಕು ಜನಕ್ಕೆ 3,912 ಸೇರಿ 11,852. ಸಂಬಳದ ಚಾಲಕನಿಗೆ 50 ರೂ. ಸೇರಿಸಿ, 18% ಜಿಎಸ್‌ಟಿ ಹಾಕಿದರೆ 14,044 ರೂ. ಆಗುತ್ತದೆ. ಕೊಟೇಶನ್ ಇದಕ್ಕಿಂತ ಕಡಿಮೆ ಬಂದರೆ ಖುಷಿಪಡುವ ಬದಲು ಸೀಟು ಎಷ್ಟು ಹಾಕಿದ್ದಾರೆ ನೋಡಿ. ಎಷ್ಟು ಸೀಟಿಗೆ ದುಡ್ಡು ಕಟ್ಟಿದ್ದೀರೋ ಅಷ್ಟೇ ಜನರ ಹೊಣೆ ಕಂಪನಿಯದು. ಮೇಲೆ ಹತ್ತಿಸಿಕೊಂಡವರ ಪರಿಹಾರ ಮಾಲೀಕನ ತಲೆಗೆ.

ಆ 50 ರೂಪಾಯಿಯನ್ನು ಕೈಬಿಡಬೇಡಿ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಡಿಎಲ್ ಇರುವ ಮಾಲೀಕನಿಗೆ ಮಾತ್ರ. ನೀವಿಟ್ಟ ಡ್ರೈವರ್ ಅದರಲ್ಲಿ ಬರುವುದಿಲ್ಲ.

ಮೂರನೆಯವರ ಸಾವುನೋವಿಗೆ ಪಾಲಿಸಿ ಮೊತ್ತ ಗೆರೆ ಎಳೆಯುವುದಿಲ್ಲ, ಆಸ್ತಿ ಹಾನಿಗೆ ಎಳೆಯುತ್ತದೆ. ಸಾಮಾನ್ಯವಾಗಿ 7.5 ಲಕ್ಷ. ಸ್ವಲ್ಪ ರಿಯಾಯಿತಿ ತೋರಿಸಿ ಅದನ್ನು 6,000ಕ್ಕೆ ಇಳಿಸುವುದುಂಟು. ನಾನು ಯಾವತ್ತೂ ಒಪ್ಪಿಲ್ಲ: ಈಗಿನ ಕಾರಿನ ಒಂದು ಹೆಡ್‌ಲೈಟಿಗೂ ಆ ದುಡ್ಡು ಸಾಲದು.

ಡಿಎಲ್‌ನಲ್ಲಿ ಟ್ಯಾಕ್ಸಿಗೆಂದೇ ಪ್ರತ್ಯೇಕ ಅನುಮತಿ ಇಲ್ಲದಿದ್ದರೆ ಕ್ಲೇಮು ಸಿಗದೆಂಬ ಹಳೇ ಭಯ ಈಗ ಬೇಡ. ಒಟ್ಟು ತೂಕ 7,500 ಕೆಜಿ ಒಳಗಿನ ಟ್ಯಾಕ್ಸಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅವಧಿ ಮುಗಿದ ಡಿಎಲ್ ಮಾತ್ರ ಈಗಲೂ ತೊಂದರೆಯೇ. ಪರ್ಮಿಟ್ ಇಲ್ಲದಿದ್ದರೆ ಇನ್ನೂ ಕಷ್ಟ: ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಪ್ರಕಾರ ಕಂಪನಿ ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಬಹುದು.

ಪಾಲಿಸಿ ಕೈಗೆ ಬಂದ ಕೂಡಲೇ ಚಾಸಿ ನಂಬರ್ ಅಕ್ಷರಕ್ಷರ ಓದಿ. ಶುರುವಾಗುವ ದಿನದ ಜೊತೆ ಗಂಟೆಯನ್ನೂ ನೋಡಿ. ಹಳೆಯದು ಮಧ್ಯರಾತ್ರಿ ಮುಗಿದು ಹೊಸದು ಮಾರನೇ ದಿನ ಮಧ್ಯಾಹ್ನ ಶುರುವಾದರೆ, ನಡುವಿನ ಬೆಳಗಿನ ಟ್ರಿಪ್ಪಿಗೆ ವಿಮೆಯೇ ಇಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹೊಸ ದಿನಾಂಕ ಕಾಣುವ ತನಕ ನಾನು ಮುದ್ರಿತ ಪ್ರತಿಯನ್ನು ಗಾಡಿಯಲ್ಲೇ ಇಡಿಸುತ್ತೇನೆ. ವಿಮೆಯಿಲ್ಲದೆ ಸಿಕ್ಕರೆ ಮೊದಲ ಸಲ 2,000, ಮತ್ತೆ ಸಿಕ್ಕರೆ 4,000 ದಂಡ.

ಡ್ರೈವರಿಗೆ ಹೇಳಿಕೊಡಬೇಕಾದ್ದು ಒಂದಿದೆ. ಅಪಘಾತವಾದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೂ ಕಂಪನಿಗೂ ಅದೇ ದಿನ ತಿಳಿಸಬೇಕು. ‘ತಪ್ಪು ನಂದೇ, ಇಷ್ಟು ಕೊಡ್ತೀನಿ’ ಎಂದು ಸ್ಥಳದಲ್ಲೇ ಬರೆದುಕೊಡಬಾರದು. ಕಂಪನಿಯ ಒಪ್ಪಿಗೆ ಇಲ್ಲದೆ ಕೊಟ್ಟ ಮಾತಿಗೆ ಪಾಲಿಸಿ ಜವಾಬ್ದಾರಿ ಹೊರುವುದಿಲ್ಲ.