ಕ್ಲೌಡ್ ಸರ್ವರ್‌ನ ಹೆಸರು, ಐಪಿ ವಿಳಾಸ: ಟರ್ಮಿನಲ್‌ನಲ್ಲೇ ಪತ್ತೆ ಮಾಡುವುದು ಹೇಗೆ?

ಸರ್ವರ್‌ಗೆ ಲಾಗಿನ್ ಆಗಿ, ಪರದೆಯಲ್ಲಿ ಮೊದಲು ಕಂಡ ಐಪಿ ವಿಳಾಸವನ್ನೇ ಡಿಎನ್‌ಎಸ್ ದಾಖಲೆಗೆ (ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ದಾಖಲೆ) ಸೇರಿಸಿ, ಜಾಲತಾಣ ಏಕೆ ತೆರೆಯುತ್ತಿಲ್ಲವೆಂದು ಅರ್ಧ ದಿನ ಫೈರ್‌ವಾಲ್ ನಿಯಮಗಳನ್ನು ತಡಕಾಡಿದವರನ್ನು ಹಲವು ಬಾರಿ ಕಂಡಿದ್ದೇನೆ. ಆ ವಿಳಾಸ 172.31ರಿಂದ ಆರಂಭವಾಗಿದೆ ಎಂಬುದು ಮಾತ್ರ ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಮೊದಲ ಹಂತ ಸುಲಭ: ‘ಹೋಸ್ಟ್‌ನೇಮ್’ (hostname) ಎಂದು ಟೈಪಿಸಿದರೆ ಯಂತ್ರದ ಹೆಸರು ಸಿಗುತ್ತದೆ.

ಎರಡನೆಯದು ಒಳವಿಳಾಸ, ಅಂದರೆ ಕ್ಲೌಡ್‌ನ ಒಳಜಾಲದಲ್ಲಿ ಯಂತ್ರಕ್ಕಿರುವ ವಿಳಾಸ. ‘ಹೋಸ್ಟ್‌ನೇಮ್’ ನಂತರ ಒಂದು ಸ್ಪೇಸ್, ಹೈಫನ್ ಮತ್ತು ಕ್ಯಾಪಿಟಲ್ ‘ಐ’ ಹಾಕಿ (hostname -I). ಸ್ಮಾಲ್ ‘ಐ’ ಹಾಕಿದರೆ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಯಂತ್ರಗಳಲ್ಲಿ ಅನೇಕ ವೇಳೆ 127.0.1.1 (ಯಂತ್ರ ತನ್ನನ್ನೇ ಸೂಚಿಸಿಕೊಳ್ಳುವ ವಿಳಾಸ) ಎಂಬ ನಿರುಪಯುಕ್ತ ಉತ್ತರ ಬರುತ್ತದೆ. ಯಾವ ವಿಳಾಸ ಯಾವ ಇಂಟರ್‌ಫೇಸ್‌ನದೆಂದು (ಯಂತ್ರವನ್ನು ಜಾಲಕ್ಕೆ ಜೋಡಿಸುವ ಕೊಂಡಿ) ತಿಳಿಯಲು ‘ಐಪಿ ಎ’ (ip a) ಸಾಕು. ಹಳೆಯ ‘ಐಎಫ್‌ಕಾನ್ಫಿಗ್’ ಎಂಬ ಇದೇ ಕೆಲಸದ ಆದೇಶಕ್ಕಾಗಿ ಪ್ಯಾಕೇಜ್ ಹುಡುಕುತ್ತ ಕೂರಬೇಡಿ.

ಎಡವುವುದು ಮೂರನೆಯ ಹಂತದಲ್ಲಿ. 10ರಿಂದ, 192.168ರಿಂದ ಅಥವಾ 172.16ರಿಂದ 172.31ರವರೆಗಿನ ಅಂಕಿಗಳಿಂದ ಆರಂಭವಾಗುವ ವಿಳಾಸಗಳು ಖಾಸಗಿಯಾದವು. ಅಂತರಜಾಲದಿಂದ ಅವುಗಳನ್ನು ನೇರವಾಗಿ ತಲುಪಲಾಗದು. ಅಮೆಜಾನ್‌ನ ಇಸಿ2ನಂಥ ಸೇವೆಗಳಲ್ಲಿ ಸಾರ್ವಜನಿಕ ಐಪಿವಿ4 ವಿಳಾಸವು ಯಂತ್ರದ ಇಂಟರ್‌ಫೇಸ್‌ನಲ್ಲಿ ಇರುವುದೇ ಇಲ್ಲ. ಹೊರಗಿನ ಜಾಲವೇ ಅದನ್ನು ಒಳವಿಳಾಸಕ್ಕೆ ಜೋಡಿಸುತ್ತದೆ. ಹೀಗಾಗಿ ‘ಐಪಿ ಎ’ಯಲ್ಲಿ ಎಷ್ಟು ಹುಡುಕಿದರೂ ಅದು ಕಾಣದು.

ಕೇಳಬೇಕಾದದ್ದು ಮೆಟಾಡೇಟಾ ಸೇವೆಯನ್ನು, ಅಂದರೆ ಸರ್ವರ್‌ಗೆ ಅದರದೇ ವಿವರ ತಿಳಿಸುವ ಕ್ಲೌಡ್ ಕಂಪನಿಯ ಸೇವೆಯನ್ನು. ಸರ್ವರ್‌ನ ಒಳಗಿನಿಂದಲೇ ‘ಕರ್ಲ್’ (curl) ಆದೇಶ ಬಳಸಿ 169.254.169.254 ಎಂಬ ವಿಳಾಸಕ್ಕೆ ಕೋರಿಕೆ ಕಳುಹಿಸಬೇಕು. ಅಮೆಜಾನ್‌ನಲ್ಲಿ ಮೊದಲು ‘ಪುಟ್’ ಕೋರಿಕೆಯಿಂದ ಟೋಕನ್ ಎಂಬ ತಾತ್ಕಾಲಿಕ ಗುರುತಿನ ಸಂಕೇತ ಪಡೆದು (ಅದರ ಅವಧಿ ಗರಿಷ್ಠ 21,600 ಸೆಕೆಂಡು), ಅದನ್ನು ಹೆಡರ್‌ನಲ್ಲಿ (ಕೋರಿಕೆಯ ಜೊತೆ ಹೋಗುವ ಮಾಹಿತಿಸಾಲು) ಇಟ್ಟು ಸಾರ್ವಜನಿಕ ಐಪಿಯನ್ನೋ ಹೋಸ್ಟ್‌ನೇಮನ್ನೋ ಕೇಳಬೇಕು. ಟೋಕನ್ ಕಡ್ಡಾಯವಾಗಿರುವ ಯಂತ್ರದಲ್ಲಿ ಅದಿಲ್ಲದೆ ಕೇಳಿದರೆ 401 ದೋಷ ಬರುತ್ತದೆ. ಟೋಕನ್ ಇದ್ದೂ 404 ಬಂದರೆ, ಬಹುಮಟ್ಟಿಗೆ ಆ ಯಂತ್ರಕ್ಕೆ ಸಾರ್ವಜನಿಕ ವಿಳಾಸವನ್ನೇ ಕೊಟ್ಟಿಲ್ಲವೆಂದು ತಿಳಿಯಿರಿ. ಗೂಗಲ್ ಮತ್ತು ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಟೋಕನ್ ಬೇಡ, ಆದರೆ ಅವರವರ ಹೆಡರ್ ಕಡ್ಡಾಯ.

‘ನನ್ನ ಐಪಿ ಯಾವುದು’ ಎಂದು ಹೊರಗಿನ ತಾಣವನ್ನು ಕೇಳುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಸರ್ವರ್ ನ್ಯಾಟ್ ಗೇಟ್‌ವೇ (ಹಲವು ಯಂತ್ರಗಳು ಒಂದೇ ಸಾರ್ವಜನಿಕ ವಿಳಾಸದಿಂದ ಹೊರಹೋಗುವ ದ್ವಾರ) ಹಿಂದಿದ್ದರೆ ಆ ತಾಣ ಹೇಳುವುದು ಗೇಟ್‌ವೇಯ ವಿಳಾಸವನ್ನು.

ಸರ್ವರ್‌ಗಳು ಹತ್ತಾರಿದ್ದರೆ ಪ್ರತಿಯೊಂದಕ್ಕೂ ಲಾಗಿನ್ ಆಗುವುದು ವ್ಯರ್ಥ. ನಿಮ್ಮ ಕಂಪ್ಯೂಟರ್‌ನಲ್ಲಿ ಆಯಾ ಕಂಪನಿಯ ಕಮಾಂಡ್‌ಲೈನ್ ತಂತ್ರಾಂಶ ಹಾಕಿಕೊಂಡರೆ ಪಟ್ಟಿ ಒಟ್ಟಿಗೇ ಸಿಗುತ್ತದೆ. ಗೂಗಲ್‌ನ ‘ಜಿಕ್ಲೌಡ್ ಕಂಪ್ಯೂಟ್ ಇನ್‌ಸ್ಟೆನ್ಸಸ್ ಲಿಸ್ಟ್’ ಒಳ, ಹೊರ ವಿಳಾಸಗಳನ್ನು ಅಚ್ಚುಕಟ್ಟಾದ ಕೋಷ್ಟಕದಲ್ಲಿ ತೋರಿಸುತ್ತದೆ. ಅಮೆಜಾನ್‌ನ ಆದೇಶವಾದರೋ ಪುಟಗಟ್ಟಲೆ ಜೇಸನ್ ರೂಪದ ದತ್ತಾಂಶ ಸುರಿಯುವುದರಿಂದ, ‘ಕ್ವೆರಿ’ ಆಯ್ಕೆಯಿಂದ ಬೇಕಾದ ಅಂಶಗಳನ್ನಷ್ಟೇ ಸೋಸಿಕೊಳ್ಳಿ.

ಹೀಗೆ ಪಡೆದ ವಿಳಾಸವನ್ನು ಕಡತದಲ್ಲಿ ಬರೆದಿಡುವ ಮುನ್ನ ಅದು ಕಾಯ್ದಿರಿಸಿದ ವಿಳಾಸವೇ ಎಂದು ನೋಡಿ. ಇಸಿ2 ಯಂತ್ರವನ್ನು ರೀಬೂಟ್ ಮಾಡಿದರೆ ವಿಳಾಸ ಬದಲಾಗದು; ಎಲಾಸ್ಟಿಕ್ ಐಪಿ (ಅಮೆಜಾನ್‌ನಲ್ಲಿ ಕಾಯ್ದಿರಿಸಿದ ಸ್ಥಿರ ವಿಳಾಸ) ಜೋಡಿಸದ ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಬೇರೆಯದೇ ಬರುತ್ತದೆ.