ರಾತ್ರಿ ಕೆಮ್ಮು ಎದೆಯದಾ, ಹೊಟ್ಟೆಯದಾ?

ಮಲೆನಾಡಿನ ಸಣ್ಣ ಊರಲ್ಲಿ ನನ್ನ ಕ್ಲಿನಿಕ್ ಇದೆ. ಎಕ್ಸ್‌ರೇ ಬೇಕಂದ್ರೆ ಪೇಟೆಗೇ ಕಳಿಸಬೇಕು.

ಅಡಿಕೆ ಸುಲಿಯೋಕೆ ಹೋಗುವ ಒಬ್ಬ ಅಮ್ಮ, ಮೂರು ತಿಂಗಳಿಂದ ಕೆಮ್ಮು ಅಂತ ಬಂದರು. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ, ಯಾರೇ ಬಂದರೂ ಅದನ್ನು ನಾನು ತಪ್ಪಿಸುವುದಿಲ್ಲ. ಟಿಬಿ ಇರಲಿಲ್ಲ, ಎಕ್ಸ್‌ರೇ ಕೂಡ ಸರಿ ಇತ್ತು. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರ್ ಊದಿಸಿದರೆ ನಿಮಿಷಕ್ಕೆ 220 ಲೀಟರ್. ಉಸಿರುನಾಳ ಅಗಲಿಸುವ ಸಾಲ್ಬುಟಮಾಲ್ ಕೊಟ್ಟು ಕಾಲು ಗಂಟೆ ಕೂರಿಸಿ ಮತ್ತೆ ಊದಿಸಿದೆ, 280 ಬಂತು. ಶೇಕಡಾ 20ಕ್ಕಿಂತ ಜಾಸ್ತಿ ಏರಿದರೆ ಅಸ್ತಮಾ ಕಡೆಗೇ ಬೊಟ್ಟು ಮಾಡುತ್ತದೆ. ಸ್ಟೀರಾಯ್ಡ್ ಇನ್ಹೇಲರ್ ಶುರು ಮಾಡಿದೆ. ಹಗಲಿನ ಉಬ್ಬಸ ಇಳಿಯಿತು, ರಾತ್ರಿ ಕೆಮ್ಮು ಮಾತ್ರ ಹಾಗೇ ಇತ್ತು. ನಾನು ಡೋಸ್ ಏರಿಸಿದೆ. ತಪ್ಪಿದ್ದು ಅಲ್ಲೇ.

ಮೂರನೇ ಸಲ, ಮನೆಯಲ್ಲಿರುವ ಮಾತ್ರೆ ಎಲ್ಲ ತನ್ನಿ ಅಂದೆ. ಬಟ್ಟೆ ಅಂಗಡಿಯ ಕವರ್ ಬಿಚ್ಚಿ ಮೇಜಿನ ಮೇಲೆ ಸುರಿದರು. ಬಿಪಿಯ ಎನಲಾಪ್ರಿಲ್, ರಾಮಿಪ್ರಿಲ್‌ನಿಂದಲೂ ಒಣಕೆಮ್ಮು ಬರುತ್ತದಲ್ವಾ, ನಾನು ಹುಡುಕಿದ್ದು ಅದನ್ನ. ಸಿಕ್ಕಿದ್ದು ಥಿಯೋಫಿಲಿನ್, ಉಬ್ಬಸದ ಮಾತ್ರೆ. ಹಿಂದೆ ಯಾವಾಗಲೋ ಬರೆಸಿಕೊಂಡ ಚೀಟಿ ಹಿಡಿದು ಮೆಡಿಕಲ್‌ನಿಂದ ತಂದು ದಿನಾ ರಾತ್ರಿ ನುಂಗುತ್ತಿದ್ದರು. ಅದು ಉಸಿರುನಾಳದ ಜೊತೆಗೆ ಅನ್ನನಾಳದ ಕೆಳಗಿನ ಸ್ನಾಯುವನ್ನೂ ಸಡಿಲ ಮಾಡುತ್ತದೆ, ಹೊಟ್ಟೆಯ ಆಸಿಡ್ ಮೇಲೆ ಬರೋಕೆ ದಾರಿ ಆಗುತ್ತದೆ. ಹಾಗೆ ಮೇಲೆ ಬಂದ ಆಸಿಡ್‌ನಿಂದಲೂ ಕೆಮ್ಮು ಬರುತ್ತದೆ.

"ಊಟ ಎಷ್ಟು ಹೊತ್ತಿಗೆ ಅಮ್ಮ?"

"ಹತ್ತಕ್ಕೆ ಡಾಕ್ಟ್ರೇ, ಉಂಡ ಕೂಡ್ಲೇ ಮಲಗೋದು."

ಎದೆ ಉರಿ ಇದೆಯಾ ಅಂತ ಮೊದಲ ದಿನವೇ ಕೇಳಿದ್ದೆ, ಇಲ್ಲ ಅಂದಿದ್ದರು. ಈ ಸಲ, ಬೆಳಿಗ್ಗೆ ಎದ್ದಾಗ ಬಾಯಿ ಹುಳಿ ಹುಳಿ ಇರುತ್ತಾ ಅಂದೆ.

"ಅಯ್ಯೋ, ದಿನಾ!"

ಥಿಯೋಫಿಲಿನ್ ನಿಲ್ಲಿಸಿದೆ. ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ತಿಂಡಿಗೆ ಅರ್ಧ ಗಂಟೆ ಮೊದಲು. ತಿಂಡಿ ತಿಂದ ಮೇಲೆ ನುಂಗಿ ಗುಣ ಇಲ್ಲ ಅನ್ನುವವರೇ ಜಾಸ್ತಿ, ಅದಕ್ಕೇ ಹೊತ್ತನ್ನು ಎರಡು ಸಲ ಹೇಳುತ್ತೇನೆ. ಊಟ ಏಳೂವರೆಗೆ. ಮಂಚದ ತಲೆ ಕಡೆಯ ಎರಡು ಕಾಲಿಗೂ ಇಟ್ಟಿಗೆ ಕೊಟ್ಟು ಆರು ಇಂಚು ಎತ್ತರಿಸಿ ಅಂದೆ. ಸುಮ್ನೆ ದಿಂಬು ಪೇರಿಸಿದರೆ ಹೊಟ್ಟೆ ಮಡಚಿಕೊಂಡು ಒತ್ತಡ ಹೆಚ್ಚುತ್ತದೆ. ನುಂಗಲು ಕಷ್ಟ, ತೂಕ ಇಳಿಯುವುದು, ಕಪ್ಪು ಮಲ, ಇವುಗಳಲ್ಲಿ ಒಂದಿದ್ದರೂ ಎಂಡೋಸ್ಕೋಪಿಗೆ ಕಳಿಸುತ್ತಿದ್ದೆ. ಇವರಿಗೆ ಇರಲಿಲ್ಲ.

ಎಂಟು ವಾರಕ್ಕೆ ರಾತ್ರಿ ಪೂರ್ತಿ ನಿದ್ದೆ ಬಂತು. ಪ್ಯಾಂಟೊಪ್ರಜೋಲ್ ಬಿಡಿಸಿ, ಇನ್ಹೇಲರ್ ಹಳೇ ಡೋಸ್‌ಗೆ ಇಳಿಸಿದೆ. ಅಸ್ತಮಾ ಇದ್ದೇ ಇದೆ, ಅದು ನಡೆಯಬೇಕು. ಇಟ್ಟಿಗೆ ಇನ್ನೂ ಮಂಚದ ಕೆಳಗೇ ಇವೆಯಂತೆ.